ಚೈತ್ರದಲ್ಲಿ ಮೂರು ತಾಲ್ಲೂಕು: ಹಳೆಯದನ್ನು ಹುಡುಕಿ ಹೊರಟವರಿಗೆ

ಹಳೇ ಸಾಮಾನು ಕೊಳ್ಳುವ ಆಸೆಯಿಂದ ಯಳಂದೂರು, ಹನೂರು, ಕೊಳ್ಳೇಗಾಲದ ಕಡೆ ಹೊರಡುವವರಿಗೆ ಮೊದಲೇ ಹೇಳಬೇಕಾದ ಮಾತೊಂದಿದೆ. ಇಲ್ಲಿ ಆಂಟಿಕ್ ಅಂಗಡಿಗಳ ಬೀದಿಯಿಲ್ಲ. ಇಲ್ಲಿನ ಹಳೆಯ ವಸ್ತುಗಳಲ್ಲಿ ಕೆಲವು ಇನ್ನೂ ಬಳಕೆಯಲ್ಲಿವೆ; ಉಳಿದವು ತಕ್ಕಡಿ ಏರುತ್ತಿವೆ. ಅಜ್ಜಿಯ ಕಾಲದ ಹಿತ್ತಾಳೆ ಕೊಳಗ, ತಾಮ್ರದ ಹಂಡೆ, ಕಂಚಿನ ತಟ್ಟೆ ಪಾತ್ರೆ ಅಂಗಡಿಗೆ ಹೋಗಿ ಕೆ.ಜಿ. ಲೆಕ್ಕದಲ್ಲಿ ಕರಗುತ್ತವೆ, ಮನೆಗೆ ಸ್ಟೀಲು ಬರುತ್ತದೆ. ಆದ್ದರಿಂದ ಇಲ್ಲಿಗೆ ಬರುವವರು ನೋಡುವುದನ್ನು ಮುಂದಿಟ್ಟುಕೊಂಡು, ಕೊಳ್ಳುವುದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಕಾಲ ಯಾವುದೆಂದರೆ ಯುಗಾದಿಯಿಂದ ವೈಶಾಖದವರೆಗೆ. ಹೊಂಗೆ ಚಿಗುರಿರುತ್ತದೆ, ಮಾದಪ್ಪನ (ಮಲೆ ಮಹದೇಶ್ವರ) ಬೆಟ್ಟದಲ್ಲಿ ಯುಗಾದಿ ಪರ್ಸೆ ಇರುತ್ತದೆ, ಅದು ಮುಗಿದ ಮೇಲೆ ಬಿಳಿಗಿರಿರಂಗನ ಬೆಟ್ಟದಲ್ಲಿ ದೊಡ್ಡ ಜಾತ್ರೆ. ಮಧ್ಯಾಹ್ನದ ಬಿಸಿಲು ಮಾತ್ರ ಸುಡುತ್ತದೆ. ಬೆಳಗ್ಗೆ ಬೇಗ ಹೊರಟು, ಹನ್ನೆರಡರ ಹೊತ್ತಿಗೆ ನೆರಳು ಸೇರಿಕೊಳ್ಳಬೇಕು. ತಂಗಲು ಕೊಳ್ಳೇಗಾಲವೇ ಅನುಕೂಲ. ಬೆಂಗಳೂರು–ಕೊಯಮತ್ತೂರು ಹೆದ್ದಾರಿಯಲ್ಲಿರುವ ಊರು. ಮೈಸೂರಿನಿಂದ ಸುಮಾರು 65 ಕಿ.ಮೀ. ಕೊಳ್ಳೇಗಾಲದಿಂದ ಅದೇ ಹೆದ್ದಾರಿಯಲ್ಲಿ ಅರ್ಧ ಗಂಟೆ ಹೋದರೆ ಯಳಂದೂರು.

ಮೊದಲ ಬೆಳಗನ್ನು ಯಳಂದೂರಿಗೇ ಕೊಡಿ. ಹದಿನಾಡಿನ ಪಾಳೆಯಗಾರರು 16ನೇ ಶತಮಾನದಲ್ಲಿ ಕಟ್ಟಿಸಿದ ಗೌರೀಶ್ವರ ದೇವಾಲಯಕ್ಕೆ ಎತ್ತರದ ಗೋಪುರವಿಲ್ಲ. ಗೋಪುರ ಇರಬೇಕಾದ ಕಡೆ ಬಳೆಮಂಟಪವಿದೆ. ಮಂಟಪದ ಮೂಲೆಗಳಲ್ಲಿ ಕಲ್ಲಿನ ಬಳೆಗಳ ಸರಪಳಿ ತೂಗುತ್ತದೆ. ಬಳೆಗೆ ಬಳೆ ಸೇರಿಸಿದ ಬೆಸುಗೆ ಎಲ್ಲೂ ಕಾಣುವುದಿಲ್ಲ, ಏಕೆಂದರೆ ಸೇರಿಸಿದ್ದೇ ಅಲ್ಲ. ಒಂದೇ ಕಲ್ಲಿನೊಳಗಿಂದ ಒಂದೊಂದು ಬಳೆಯನ್ನೂ ಬಿಡಿಸಿಕೊಂಡು ಬಂದದ್ದು. ಉಳಿಯ ಒಂದು ಏಟು ತಪ್ಪಿದರೆ ಅಲ್ಲಿಯವರೆಗಿನ ಕೆಲಸವೆಲ್ಲ ಹೋಗುತ್ತಿತ್ತು. ಗೋಡೆಗಳ ಮೇಲೆ ವಾಲಿ–ಸುಗ್ರೀವರ ಕಾಳಗವಿದೆ, ಹಿರಣ್ಯಕಶಿಪುವನ್ನು ಸೀಳುವ ನರಸಿಂಹನಿದ್ದಾನೆ, ಭೈರವನಿದ್ದಾನೆ. ಬೇಲೂರು, ಹಳೇಬೀಡಿಗೆ ಹೋಗುವ ಬಸ್ಸುಗಳಲ್ಲಿ ಹತ್ತರಲ್ಲೊಂದಾದರೂ ಇತ್ತ ತಿರುಗಬಾರದೇ ಎಂದು ಇಲ್ಲಿ ನಿಂತಾಗಲೆಲ್ಲ ನನಗೆ ಅನಿಸುತ್ತದೆ. ‘ಹದಿಬದೆಯ ಧರ್ಮ’ ಬರೆದ ಸಂಚಿಯ ಹೊನ್ನಮ್ಮನ ಊರು ಇದು. ‘ರಾಜಶೇಖರ ವಿಳಾಸ’ದ ಷಡಕ್ಷರದೇವ ನೆಲೆಸಿದ್ದ ಊರೂ ಇದೇ.

ಊರಿನ ಇನ್ನೊಂದು ಆಸ್ತಿ ಜಹಗೀರ್ದಾರ್ ಬಂಗಲೆ. ಟಿಪ್ಪು ಮಡಿದ ಮೇಲೆ 1799ರಿಂದ 1811ರವರೆಗೆ ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರಿಗೆ 1807ರಲ್ಲಿ ಯಳಂದೂರು ಜಹಗೀರಾಗಿ ಬಂತು. ಅವರ ವಂಶದವರ ಬಂಗಲೆ ಈಗ ಪೂರ್ಣಯ್ಯನವರ ಹೆಸರಿನ ವಸ್ತುಸಂಗ್ರಹಾಲಯ. ಇದೇ ಮನೆತನದ ಪಿ.ಎನ್. ಕೃಷ್ಣಮೂರ್ತಿ 1901ರಲ್ಲಿ ದಿವಾನರಾದರು. ಮರುವರ್ಷ ಅವರ ಅವಧಿಯಲ್ಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ತಲುಪಿತು.

ಇಲ್ಲೇ ಕಾನೂನಿನ ಮಾತನ್ನೂ ಹೇಳಿಬಿಡಬೇಕು. ಈ ಸೀಮೆಯ ಹಳ್ಳಿಗಳ ಹೊರಗೆ, ಹೊಲದ ಬದುಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲು ಕಾಣಸಿಗುತ್ತವೆ. ಯಾರಾದರೂ ‘ತಗೊಂಡು ಹೋಗಿ ಸ್ವಾಮಿ’ ಅಂದರೂ ಮುಟ್ಟಬೇಡಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ವಿಗ್ರಹ, ಕುಶಲವಸ್ತುಗಳು ಪುರಾವಸ್ತುಗಳೇ. ಮಹತ್ವದ ಹಸ್ತಪ್ರತಿಗೆ 75 ವರ್ಷವಾದರೂ ಸಾಕು. ಅವನ್ನು ಮಾರುವ ವ್ಯಾಪಾರಿಗೆ ಲೈಸೆನ್ಸ್ ಇರಬೇಕು, ವಿಗ್ರಹಗಳಂಥವಕ್ಕೆ ನೋಂದಣಿ ಆಗಿರಬೇಕು, ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಇದು ಬರಿಯ ಕಾನೂನಿನ ಪ್ರಶ್ನೆಯೂ ಅಲ್ಲ. ಬದುವಿನ ಮೇಲಿದ್ದಾಗ ವೀರಗಲ್ಲಿಗೆ ಊರಿದೆ, ಕಥೆಯಿದೆ, ವರ್ಷಕ್ಕೊಮ್ಮೆ ಅರಿಶಿನ ಕುಂಕುಮವಿದೆ. ಫಾರ್ಮ್‌ಹೌಸಿನ ಹುಲ್ಲುಹಾಸಿಗೆ ಬಂದರೆ ಅದು ಬರೀ ಕಲ್ಲು.

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಸುಮಾರು 24 ಕಿ.ಮೀ. 2011ರಿಂದ ಇದು ಹುಲಿ ಸಂರಕ್ಷಿತ ಪ್ರದೇಶ. ಕತ್ತಲಾಗುವ ಮುನ್ನ ಚೆಕ್‌ಪೋಸ್ಟ್ ದಾಟುವಂತೆ ಹೊರಡಬೇಕು. ಕಮರಿಯಂಚಿನ ದೇವಾಲಯದಲ್ಲಿ ರಂಗನಾಥನಿಗೆ ಸಲ್ಲುವ ದೊಡ್ಡ ಚರ್ಮದ ಪಾದರಕ್ಷೆಗಳನ್ನು ಭಕ್ತರು ತಲೆಗೆ ಮುಟ್ಟಿಸಿಕೊಳ್ಳುತ್ತಾರೆ. ಅವನ್ನು ಹೊಲಿದು ತರುವವರು ಬೂದಿತಿಟ್ಟಿನವರು. ಹಳತಾದಂತೆ ಹೊಸ ಜೋಡು ಬರುತ್ತದೆ, ಹೊಲಿಯುವ ಕೈಯ ಕೆಲಸ ಮುಂದುವರಿಯುತ್ತದೆ. ಬೆಟ್ಟದ ಮೂಲನಿವಾಸಿಗಳಾದ ಸೋಲಿಗರಿಗೆ ಈ ರಂಗಪ್ಪ ಭಾವ, ತಮ್ಮ ಮನೆಮಗಳು ಕುಸುಮಾಲೆಯನ್ನು ಕರೆದುಕೊಂಡು ಬಂದವನು. ಕಾಡಿನೊಳಗೆ ಅವರು ಪೂಜಿಸುವ ದೊಡ್ಡ ಸಂಪಿಗೆ ಮರದ ವಯಸ್ಸು ಆರುನೂರು ವರ್ಷಕ್ಕೂ ಮಿಗಿಲು ಎನ್ನುತ್ತಾರೆ. ಅನುಮತಿ ಪಡೆದು ಹೋಗಬೇಕು. ಬೆಟ್ಟದಿಂದ ಒಯ್ಯುವುದಾದರೆ ಸೋಲಿಗರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಯ ಜೇನುತುಪ್ಪ ಒಯ್ಯಿರಿ. ಏಪ್ರಿಲ್‌ನಿಂದಾಚೆ ಹೆಜ್ಜೇನು ಇಳಿಸುವ ಕಾಲ.

ಎರಡನೆಯ ದಿನ ಹನೂರಿನ ದಾರಿ. ಕೊಳ್ಳೇಗಾಲದಿಂದ ಬೇರ್ಪಟ್ಟು ಹೊಸದಾಗಿ ತಾಲ್ಲೂಕಾದ ಹನೂರಿನಲ್ಲಿ ನಿಂತು ನೋಡುವುದು ಕಡಿಮೆ, ಆದರೆ ಅಲ್ಲಿಂದ ಮುಂದಕ್ಕೆ ಎಪ್ಪತ್ತೇಳು ಮಲೆ. ಯುಗಾದಿಯ ದಿನಗಳಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋದರೆ ವಸತಿ ಸಿಗುವುದು ಕಷ್ಟ, ರಥೋತ್ಸವದ ಜನಸಾಗರದಲ್ಲಿ ಕಾರು ನಿಲ್ಲಿಸುವುದೂ ಕಷ್ಟ. ಹೋಗಲೇಬೇಕು ಎನ್ನುವವರು ಬಸ್ಸಿನಲ್ಲೇ ಹೋಗಲಿ. ಅಲ್ಲಿ ಮಾದಪ್ಪನ ಕಥೆ ಹಾಡುವ ದೇವರಗುಡ್ಡರ ಕೈಯಲ್ಲಿ ಕಂಸಾಳೆ ಕೇಳಬೇಕು. ಬಟ್ಟಲಿನಂಥದ್ದು ಒಂದು ಕೈಯಲ್ಲಿ, ಹುರಿಗೆ ಕಟ್ಟಿದ ತಾಳ ಇನ್ನೊಂದು ಕೈಯಲ್ಲಿ. ಎರಡರ ನಡುವೆ ಮಾದೇಶ್ವರನ ಇಡೀ ಕಾವ್ಯ. ಗುರುವಿನಿಂದ ಶಿಷ್ಯನಿಗೆ ಬಂದ ಆ ಕಂಚಿಗೆ ಬೆಲೆ ಕೇಳುವ ಪ್ರವಾಸಿಗರಿದ್ದಾರೆ. ದಯವಿಟ್ಟು ಕೇಳಬೇಡಿ. ಕೇಳುವುದಾದರೆ ಒಂದು ಸಾಲು ಹಾಡಿ ಎಂದು ಕೇಳಿ, ದಕ್ಷಿಣೆ ಕೈತುಂಬ ಕೊಡಿ. ಕೊಳ್ಳಲೇಬೇಕೆಂದರೆ ಬೆಟ್ಟದ ಸೋಲಿಗರು ಲಂಟಾನ ಕಡ್ಡಿಯಿಂದ ಹೆಣೆಯುವ ಕುರ್ಚಿ, ಬುಟ್ಟಿಗಳಿವೆ. ಎರಡು ಶತಮಾನದ ಹಿಂದೆ ಅಲಂಕಾರಕ್ಕೆಂದು ದೇಶಕ್ಕೆ ಬಂದು ಕಾಡನ್ನೇ ನುಂಗುತ್ತಿರುವ ಪೊದೆ ಅದು; ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬಾಗಿಸಿ ಮಾಡುತ್ತಾರೆ.

ಕೊಳ್ಳೇಗಾಲಕ್ಕೆ ಹತ್ತಿರದ ಭರಚುಕ್ಕಿಯನ್ನು ಈ ಕಾಲದಲ್ಲಿ ಜಲಪಾತಕ್ಕಾಗಿ ನೋಡಹೋದರೆ ನಿರಾಸೆ, ನೀರು ಇಳಿದಿರುತ್ತದೆ. ಹತ್ತಿರದ ವೆಲ್ಲೆಸ್ಲಿ ಸೇತುವೆಗಾಗಿ ಹೋಗಿ. 19ನೇ ಶತಮಾನದ ಆರಂಭದಲ್ಲಿ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ ಕಲ್ಲುಕಂಬಗಳ ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕುಸಿಯಿತು. ಉಳಿದದ್ದನ್ನು ಇರುವಾಗಲೇ ನೋಡಬೇಕು.

ಕೊನೆಯ ದಿನ ಕೊಳ್ಳೇಗಾಲದ ರೇಷ್ಮೆಗೆ. 1956ರ ನವೆಂಬರ್ 1ರವರೆಗೆ ಈ ಊರು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಜರಿ ರೇಷ್ಮೆಯ ಹೆಸರು ಆಗಲೇ ಇತ್ತು. ಸರ್ಕಾರಿ ಗೂಡಿನ ಮಾರುಕಟ್ಟೆಗೆ ಬೆಳಗ್ಗೆ ಹೋಗಿ ಗೂಡಿನ ಹರಾಜು ನೋಡಿ, ಆಮೇಲೆ ಸೀರೆ ಅಂಗಡಿಗೆ ಬನ್ನಿ. ಸಿಲ್ಕ್ ಮಾರ್ಕ್ ಕೇಳಿ. ಸೆರಗಿನ ಒಂದೆಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಅಂಟು ಗಂಟಾದರೆ ಪಾಲಿಯೆಸ್ಟರ್.

ಹಳೇ ಸೀರೆಗಳ ಪಾಡು ಬೇರೆ. ಹಿಂದಿನ ಅಸಲಿ ಜರಿಯೆಂದರೆ ರೇಷ್ಮೆ ಎಳೆಗೆ ಬೆಳ್ಳಿ ಸುತ್ತಿ ಚಿನ್ನದ ನೀರು ಕೊಟ್ಟದ್ದು. ‘ಹಳೇ ಜರಿ ಸೀರೆ ಕೊಡ್ತೀರಾ’ ಎಂದು ಕೂಗುತ್ತ ಬರುವವರು ಅವನ್ನು ಕೊಂಡು, ಸುಟ್ಟು, ಬೆಳ್ಳಿ ತೆಗೆಯುತ್ತಾರೆ. ಅಂಚು, ಬಣ್ಣದ ಜೋಡಣೆ, ಸೆರಗಿನ ವಿನ್ಯಾಸ ಎಲ್ಲ ಬೂದಿ. ನನ್ನ ಕಣ್ಣಿಗೆ ಈ ಭಾಗದ ನಿಜವಾದ ಆಂಟಿಕ್ ಇವೇ, ಕಣ್ಣೆದುರೇ ಹೋಗುತ್ತಿರುವುದೂ ಇವೇ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಜ್ಜಿಯ ಸೀರೆಯೊಂದು ಮಡಿಕೆಯ ಗುಂಟ ಹರಿದು ಬಿದ್ದಿದ್ದರೆ ಈ ಪ್ರವಾಸಕ್ಕೆ ಜೊತೆಯಲ್ಲಿ ತನ್ನಿ. ಅಂಚನ್ನು ನೇಕಾರರಿಗೆ ತೋರಿಸಿ, ಅದೇ ಅಂಚಿನ ಹೊಸ ಸೀರೆ ನೇಯ್ದುಕೊಡುವಿರಾ ಎಂದು ವಿಚಾರಿಸಿ. ಮಗ್ಗಕ್ಕೆ ಹೊಸ ವಿನ್ಯಾಸ ಏರಿಸುವುದು ದಿನಗಟ್ಟಲೆಯ ಕೆಲಸ, ಹಾಗಾಗಿ ಬೆಲೆ ಹೆಚ್ಚೇ ಆಗುತ್ತದೆ, ಮುಂಗಡವನ್ನೂ ಕೇಳುತ್ತಾರೆ. ಚೈತ್ರದಲ್ಲಿ ಮಾತಾಡಿ ಬಂದರೆ ಶ್ರಾವಣದ ವರಮಹಾಲಕ್ಷ್ಮಿ ಹಬ್ಬಕ್ಕೆ ಸಿಗುವಂತೆ ಕೇಳಿಕೊಳ್ಳಬಹುದು.