ಕೈತಪ್ಪಿದ ಪದವಿ, ಉಳಿದು ಬಂದ ಸೇವೆ

ಪರೀಕ್ಷೆಗಳ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ನಮ್ಮ ಕುಟುಂಬಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಏನು ಸಾಧಿಸಿದ?’ ಅಂಕ, ಹುದ್ದೆ, ಸಂಬಳ ಇವೇ ನಮ್ಮ ಅಳತೆಗೋಲುಗಳು. ಈ ಅಳತೆಗೋಲು ಎಷ್ಟರಮಟ್ಟಿಗೆ ಸರಿ ಎಂದು ಚಿಂತಿಸಲು ಉಡುಪಿ ಸಮೀಪದ ಬೆಳ್ಳೆಯ ಆಳ್ವ ಮನೆತನಕ್ಕೆ ಸೊಸೆಯಾಗಿ ಸೇರಿದ ವಕೀಲೆ, ದಿವಂಗತ ವಯಲೆಟ್ ಆಳ್ವ ಅವರ ಬದುಕು ನಮಗೆ ನೆರವಾಗುತ್ತದೆ.

ವಯಲೆಟ್ ಅವರು 1908ರ ಎಪ್ರಿಲ್ 24ರಂದು ಅಹ್ಮದಾಬಾದಿನಲ್ಲಿ ಜನಿಸಿದರು. ತಂದೆ ಲಕ್ಷ್ಮಣ ಹರಿ ಅವರು ಆಂಗ್ಲಿಕನ್ ಸಭೆಯ ಬೋಧಕರು. ಹದಿನಾರರ ಹರೆಯದಲ್ಲಿಯೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಈ ಬಾಲಕಿಯನ್ನು ಓದಿಸಿದವರು ಒಡಹುಟ್ಟಿದವರು. ಮುಂಬಯಿಯ ಸಂತ ಕ್ಸೇವಿಯರ್ ಕಾಲೇಜಿನಲ್ಲಿ ಪದವಿ, ಬಳಿಕ ಸರಕಾರಿ ಕಾನೂನು ಕಾಲೇಜಿನಲ್ಲಿ ಕಾನೂನು ಶಿಕ್ಷಣ. ಸ್ವಂತ ಸಾಧನೆ ಎಂದು ನಾವು ಹೇಳಿಕೊಳ್ಳುವುದರ ಬುನಾದಿಯಲ್ಲಿ ಎಷ್ಟು ಜನರ ತ್ಯಾಗ ಅಡಗಿರುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

1937ರಲ್ಲಿ ಅವರು ಬೆಳ್ಳೆಯ ಜೋಕಿಂ ಆಳ್ವ ಅವರನ್ನು ವರಿಸಿದರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ವಕೀಲರಾಗಿದ್ದ ಜೋಕಿಂ ಅವರು ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆವಾಸ ಅನುಭವಿಸಿದ ಕೆಥೊಲಿಕ ಮುಂದಾಳು. ದಂಪತಿಗಳು ಜೊತೆಯಾಗಿಯೇ ವಕೀಲಿ ವೃತ್ತಿ ನಡೆಸಿದರು. ಮಹಿಳೆಯರಿಗೆ ವಕೀಲಿ ವೃತ್ತಿಯ ಬಾಗಿಲು ತೆರೆದ ಕಾನೂನು ಬಂದದ್ದೇ 1923ರಲ್ಲಿ. ಕರಿಕೋಟು ತೊಟ್ಟ ಹೆಂಗಸನ್ನು ಕಂಡು ಜನ ಬೆರಗಾಗುತ್ತಿದ್ದ ಆ ಕಾಲದಲ್ಲಿ, 1944ರಲ್ಲಿ, ವಯಲೆಟ್ ಅವರು ಹೈಕೋರ್ಟಿನ ಪೂರ್ಣಪೀಠದ ಮುಂದೆ ವಾದ ಮಂಡಿಸಿದರು. ಭಾರತದಲ್ಲಿ ಈ ಗೌರವ ಪಡೆದ ಮೊದಲ ವಕೀಲೆ ಅವರೇ.

ಆದರೆ ಇದಕ್ಕೂ ಮುನ್ನ ಇನ್ನೊಂದು ಬಾಗಿಲು ಅವರಿಗಾಗಿ ತೆರೆದಿತ್ತು. ಅದು ಸೆರೆಮನೆಯ ಬಾಗಿಲು. 1943ರಲ್ಲಿ ಬ್ರಿಟಿಷ್ ಸರಕಾರ ಅವರನ್ನು ಬಂಧಿಸಿದಾಗ ಮಡಿಲಲ್ಲಿ ಐದು ತಿಂಗಳ ಹಸುಳೆ. ಆ ಮಗುವಿನೊಡನೆಯೇ ಅವರು ಆರ್ಥರ್ ರೋಡ್ ಸೆರೆಮನೆ ಸೇರಿದರು. ಯಾವ ಪ್ರಮಾಣಪತ್ರದಲ್ಲಿಯೂ ನಮೂದಾಗದ ಸಾಧನೆಯಿದು.

ಸ್ವಾತಂತ್ರ್ಯಾನಂತರ 1948ರಿಂದ 1954ರವರೆಗೆ ಅವರು ಮುಂಬಯಿಯ ಬಾಲನ್ಯಾಯಾಲಯದ ಅಧ್ಯಕ್ಷೆಯಾಗಿದ್ದರು. ವಕೀಲರಿಗೆ ಹಣವನ್ನಾಗಲಿ ಕೀರ್ತಿಯನ್ನಾಗಲಿ ತಂದುಕೊಡುವ ಪೀಠ ಅದಲ್ಲ. ಅಲ್ಲಿಗೆ ಬರುವವರು ದಿಕ್ಕುತಪ್ಪಿದ ಮಕ್ಕಳು, ಮನೆಯ ಆಸರೆ ಇಲ್ಲದವರು. ಹದಿನಾರಕ್ಕೇ ಅನಾಥರಾಗಿದ್ದವರು ಆ ಮಕ್ಕಳ ಮುಂದೆ ಕುಳಿತಾಗ ಅವರ ಮನಸ್ಸಿನಲ್ಲಿ ಏನು ಸುಳಿದಿರಬಹುದೆಂದು ಓದುಗರೇ ಊಹಿಸಬಹುದು.

1952ರಲ್ಲಿ ವಯಲೆಟ್ ಅವರು ರಾಜ್ಯಸಭೆಗೂ, ಜೋಕಿಂ ಅವರು ಉತ್ತರ ಕನ್ನಡದಿಂದ ಲೋಕಸಭೆಗೂ ಆಯ್ಕೆಯಾದರು. ಪತಿಪತ್ನಿಯರಿಬ್ಬರೂ ಒಟ್ಟಿಗೆ ಸಂಸತ್ ಪ್ರವೇಶಿಸಿದ್ದು ಅದೇ ಮೊದಲು. 1957ರಲ್ಲಿ ವಯಲೆಟ್ ಅವರು ಗೃಹ ಖಾತೆಯ ಉಪಸಚಿವೆಯಾದರು. 1962ರಲ್ಲಿ ರಾಜ್ಯಸಭೆಯ ಉಪಸಭಾಪತಿಯಾಗಿ ಆಯ್ಕೆಯಾದರು. ಆ ಪೀಠವೇರಿದ ಮೊದಲ ಮಹಿಳೆ ಅವರು. ಚೀನಾ ಹಾಗೂ ಪಾಕಿಸ್ತಾನಗಳೊಡನೆ ಯುದ್ಧ, ಇಬ್ಬರು ಪ್ರಧಾನಿಗಳ ನಿಧನ, ಕಾಂಗ್ರೆಸ್ಸಿನ ಒಳಜಗಳ ಇವೆಲ್ಲ ನಡೆದ ಏಳು ವರ್ಷಗಳ ಕಾಲ ಅವರು ಆ ಹೊಣೆ ಹೊತ್ತರು.

1969ರಲ್ಲಿ ವಿ. ವಿ. ಗಿರಿಯವರು ರಾಷ್ಟ್ರಪತಿ ಸ್ಥಾನಕ್ಕೆ ಸ್ಪರ್ಧಿಸಲು ರಾಜೀನಾಮೆ ನೀಡಿದಾಗ ಉಪರಾಷ್ಟ್ರಪತಿ ಪದವಿ ತೆರವಾಯಿತು. ವಯಲೆಟ್ ಅವರಿಗೆ ಆ ಪದವಿಯ ನಿರೀಕ್ಷೆಯಿತ್ತು. ಆದರೆ ಪ್ರಧಾನಿ ಇಂದಿರಾ ಗಾಂಧಿಯವರ ಬೆಂಬಲ ದೊರೆಯಲಿಲ್ಲ. ಮೈಸೂರಿನ ರಾಜ್ಯಪಾಲರಾಗಿದ್ದ ಗೋಪಾಲ ಸ್ವರೂಪ ಪಾಠಕ್ ಅವರು ಉಪರಾಷ್ಟ್ರಪತಿಯಾದರು. ನವೆಂಬರಿನಲ್ಲಿ ವಯಲೆಟ್ ಅವರು ಉಪಸಭಾಪತಿ ಸ್ಥಾನಕ್ಕೆ ರಾಜೀನಾಮೆ ಸಲ್ಲಿಸಿದರು. ಕೆಲವೇ ದಿನಗಳಲ್ಲಿ, ನವೆಂಬರ್ 20ರಂದು, ಮೆದುಳಿನ ರಕ್ತಸ್ರಾವದಿಂದ ನಿಧನ ಹೊಂದಿದರು. ವಯಸ್ಸು 61.

ಈ ಕೊನೆಯ ಅಧ್ಯಾಯವನ್ನು ಮರೆಮಾಚಿ ಅವರನ್ನು ಹೊಗಳುವುದು ಸುಲಭ. ಆದರೆ ಅದು ಸತ್ಯಕ್ಕೆ ದೂರ. ಅವರಿಗೂ ಆಸೆಯಿತ್ತು, ಅದು ಈಡೇರಲಿಲ್ಲ. ಸೇವೆ ಮಾಡಿದವರಿಗೆ ಮನ್ನಣೆ ದೊರೆತೇ ದೊರೆಯುತ್ತದೆ ಎಂದು ಮಕ್ಕಳಿಗೆ ಹೇಳುವುದು ಅವರನ್ನು ವಂಚಿಸಿದಂತೆ. ಕೈತಪ್ಪಿದ ಪದವಿ ಅದುವರೆಗಿನ ದುಡಿಮೆಯನ್ನು ಅಳಿಸಲಾರದು ಎಂದು ಹೇಳುವುದು ಮಾತ್ರ ನಿಜ. ಸೆರೆಮನೆಯ ದಿನಗಳು, ಪೂರ್ಣಪೀಠದ ಮುಂದಿನ ವಾದ, ಬಾಲನ್ಯಾಯಾಲಯದ ಆರು ವರ್ಷಗಳು, ಇವನ್ನು ಯಾರೂ ಹಿಂಪಡೆಯುವಂತಿಲ್ಲ.

ಮಂಗಳೂರಿನಲ್ಲಿ ಹುಟ್ಟಿದ ಅವರ ಸೊಸೆ ಮಾರ್ಗರೆಟ್ ಆಳ್ವ ಅವರೂ ವಕೀಲೆ. 1974ರಲ್ಲಿ ರಾಜ್ಯಸಭೆ ಪ್ರವೇಶಿಸಿ, ಸಚಿವೆಯಾಗಿ, ರಾಜ್ಯಪಾಲೆಯಾಗಿ ದುಡಿದರು. 2022ರಲ್ಲಿ ಅದೇ ಉಪರಾಷ್ಟ್ರಪತಿ ಪದವಿಗೆ ಸ್ಪರ್ಧಿಸಿ ಪರಾಜಿತರಾದರು. ಅತ್ತೆಗೆ ಒಲಿಯದ ಪದವಿ ಸೊಸೆಗೂ ಒಲಿಯಲಿಲ್ಲ. ಆದರೆ ಒಂದು ಮನೆತನದ ಸಾರ್ವಜನಿಕ ಸೇವೆ ಆ ಪದವಿಗಾಗಿ ಕಾದು ನಿಲ್ಲಲಿಲ್ಲ.

2008ರಲ್ಲಿ ಅಂಚೆ ಇಲಾಖೆ ಜೋಕಿಂ ಮತ್ತು ವಯಲೆಟ್ ದಂಪತಿಗಳ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು. ಇಂದು ನಮ್ಮ ಮನೆಗಳಲ್ಲಿ ಕಾನೂನು ಓದುತ್ತಿರುವ ಹೆಣ್ಣುಮಕ್ಕಳಿಗೆ ಈ ಕಥೆಯನ್ನು ಹೇಳೋಣ. ಹೇಳುವಾಗ ‘ಏನು ಸಾಧಿಸಿದೆ?’ ಎಂಬ ಪ್ರಶ್ನೆಯ ಜೊತೆಗೆ ‘ಯಾರಿಗೆ ನೆರವಾದೆ?’ ಎಂದೂ ಕೇಳಲು ಮರೆಯದಿರೋಣ.