ನಾಯಿಯ ಉರಿಮೂತ್ರ: ಗದರಿಸುವ ಮುನ್ನ ಗಮನಿಸಿ

ಮನೆಯ ಕ್ರಮವನ್ನು ಚೆನ್ನಾಗಿ ಅರಿತ ನಾಯಿ ಇದ್ದಕ್ಕಿದ್ದಂತೆ ಪಡಸಾಲೆಯಲ್ಲಿ ಮೂತ್ರ ಮಾಡಿದರೆ ನಾವು ಅದನ್ನು ಗದರಿಸುತ್ತೇವೆ. ಆದರೆ ಎಷ್ಟೋ ಸಲ ಅದು ಹಟವಲ್ಲ, ರೋಗ. ಮೂತ್ರಕೋಶಕ್ಕೆ ಸೋಂಕು ತಗುಲಿದಾಗ ತಡೆದುಕೊಳ್ಳುವ ಶಕ್ತಿ ಕುಂದುತ್ತದೆ. ಆಯುರ್ವೇದವು ಮನುಷ್ಯರಲ್ಲಿ ಮೂತ್ರಕೃಚ್ಛ್ರವೆಂದು ಕರೆಯುವ ಬಾಧೆಯೇ ಇಲ್ಲಿಯೂ ಕಾಣುತ್ತದೆ.

ಪದೇ ಪದೇ ಕುಳಿತು ತುಸುವೇ ಮೂತ್ರ ಮಾಡುವುದು, ಮುಕ್ಕುವುದು, ಮೂತ್ರದ್ವಾರವನ್ನು ನೆಕ್ಕುತ್ತಲೇ ಇರುವುದು, ಮೂತ್ರ ಕದಡಿರುವುದು ಅಥವಾ ರಕ್ತ ಬೆರೆತಿರುವುದು ಇದರ ಲಕ್ಷಣಗಳು. ಹೆಣ್ಣುನಾಯಿಯ ಮೂತ್ರನಾಳ ಗಿಡ್ಡವಾದುದರಿಂದ ಅದಕ್ಕೆ ಬಾಧೆ ಹೆಚ್ಚು. ಸಾಮಾನ್ಯವಾಗಿ ಕರುಳಿನಲ್ಲಿರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಮೇಲಕ್ಕೇರಿ ಸೋಂಕನ್ನುಂಟುಮಾಡುತ್ತದೆ.

ಪಶುವೈದ್ಯರಿಗೆ ತೋರಿಸುವಾಗ ಸ್ವಚ್ಛ ಪಾತ್ರೆಯಲ್ಲಿ ಹಿಡಿದ ಹೊಸ ಮೂತ್ರವನ್ನು ಒಯ್ಯಬೇಕು. ನೆಲದಿಂದ ಒರೆಸಿ ತೆಗೆದದ್ದು ಪರೀಕ್ಷೆಗೆ ನಿರುಪಯುಕ್ತ. ಕೆಲವೊಮ್ಮೆ ವೈದ್ಯರು ಹೊಟ್ಟೆಯ ಮೂಲಕ ಸೂಜಿಯಿಂದ ಮೂತ್ರವನ್ನು ತೆಗೆಯುತ್ತಾರೆ. ನೋಡಲು ಭಯವೆನಿಸಿದರೂ ಬ್ಯಾಕ್ಟೀರಿಯಾ ಪರೀಕ್ಷೆಗೆ ಅದೇ ಹೆಚ್ಚು ವಿಶ್ವಾಸಾರ್ಹ. ಸರಳ ಸೋಂಕಿಗೆ 3ರಿಂದ 5 ದಿನಗಳ ಆ್ಯಂಟಿಬಯೋಟಿಕ್ ಬಹುಮಟ್ಟಿಗೆ ಸಾಕಾಗುತ್ತದೆ. ಎರಡನೆಯ ದಿನವೇ ನಾಯಿ ಗೆಲುವಾಯಿತೆಂದು ಔಷಧವನ್ನು ನಿಲ್ಲಿಸಬಾರದು. ವರ್ಷದಲ್ಲಿ 3 ಬಾರಿ ಮರುಕಳಿಸಿದರೆ ಮೂತ್ರಕೋಶದ ಕಲ್ಲು, ಮಧುಮೇಹ ಮುಂತಾದ ಮೂಲಕಾರಣವನ್ನು ಹುಡುಕಿಸಬೇಕು.

ನೆಗ್ಗಿಲುಮುಳ್ಳಿನ ಕಷಾಯವನ್ನು ನಾಯಿಗೂ ಕೊಡಬಹುದೇ ಎಂದು ಕೇಳುವವರುಂಟು. ಆಯುರ್ವೇದ ವೈದ್ಯರಾಗಿಯೇ ಹೇಳುತ್ತೇವೆ: ಮನುಷ್ಯರ ಪ್ರಮಾಣದ ಕಷಾಯವನ್ನು ಅಂದಾಜಿನಿಂದ ನಾಯಿಗೆ ಕುಡಿಸಬೇಡಿ. ಉಪ್ಪು, ಸಕ್ಕರೆ ಬೆರೆಸದ ತೆಳುವಾದ ಬಾರ್ಲಿ ನೀರು ತುಸು ಕುಡಿದರೆ ಹಾನಿಯಿಲ್ಲ. ಆದರೆ ಸೋಂಕು ಅದರಿಂದ ಅಳಿಯದು. ಮನೆಯಲ್ಲಿ ಉಳಿದ ಮಾತ್ರೆಗಳಂತೂ ಬೇಡವೇ ಬೇಡ. ಪ್ಯಾರಸಿಟಮಾಲ್, ಐಬುಪ್ರೊಫೆನ್ ನಾಯಿಗೆ ಅಪಾಯಕಾರಿ. ಸಕ್ಕರೆರಹಿತ ಸಿರಪ್‌ಗಳಲ್ಲಿ ಇರಬಹುದಾದ ಝೈಲಿಟಾಲ್ ಎಂಬ ಸಿಹಿಕಾರಕ ನಾಯಿಗೆ ವಿಷವೇ ಸರಿ.

ಸದಾ ಶುದ್ಧ ನೀರಿರಲಿ. ದಿನವಿಡೀ ಕಟ್ಟಿಹಾಕದೆ, ನಾಲ್ಕಾರು ಗಂಟೆಗೊಮ್ಮೆ ಹೊರಗೆ ಬಿಡಬೇಕು. ಔಷಧದ ದಿನಗಳಲ್ಲಿ ಇನ್ನೂ ಹೆಚ್ಚು ಸಲ.

ಎರಡು ಸಂದರ್ಭಗಳಲ್ಲಿ ಬೆಳಗಾಗಲೆಂದು ಕಾಯಬಾರದು. ಗಂಡುನಾಯಿ ಮತ್ತೆ ಮತ್ತೆ ಕಾಲೆತ್ತಿದರೂ ಹನಿ ಮೂತ್ರವೂ ಬಾರದಿದ್ದರೆ ಕಲ್ಲು ನಾಳವನ್ನು ಮುಚ್ಚಿರಬಹುದು. ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಕುತ್ತು. ಗರ್ಭಕೋಶವಿರುವ ಹೆಣ್ಣುನಾಯಿ ಬೆದೆ ಮುಗಿದ ಕೆಲವು ವಾರಗಳ ನಂತರ ಅತಿಯಾಗಿ ನೀರು ಕುಡಿದು, ಆಹಾರ ಬಿಟ್ಟು, ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರುವ ಶಂಕೆಯಿದೆ. ಹೊರಗೆ ಕೀವು ಕಾಣದಿದ್ದರೂ ಆ ರಾತ್ರಿಯೇ ಪಶು ಆಸ್ಪತ್ರೆಗೆ ಒಯ್ಯಬೇಕು.