ರಿಪೇರಿ ಕೋಣೆಯ ಪ್ಲೈವುಡ್‌ಗೆ ಬೂಷ್ಟು: ಹಲಗೆ ಬದಲಿಸೋ ಮೊದಲು ತೇವ ನೋಡಿ

ಮೋಟಾರು, ಸ್ಪ್ರೇಯರ್ ರಿಪೇರಿಗಂತ ಮನೆ ಹಿಂದೆಯೋ ಹೊಲದಾಗೋ ಒಂದು ಕೋಣೆ ಕಟ್ಟಿ, ಒಳಗೋಡೆಗೆ ಪ್ಲೈವುಡ್ ಹೊಡೆಸ್ತೀವಿ. ಒಂದು ಮಳೆಗಾಲ ಮುಗಿಯೋದರೊಳಗ ಹಲಗೆ ಮೇಲೆ ಕಪ್ಪು, ಹಸಿರು ಚುಕ್ಕಿ ಏಳ್ತಾವ. ಮಾಲು ಕೆಟ್ಟದ್ದು ಅಂತ ಅಂಗಡಿಯವನ್ನ ಬೈತೀವಿ. ನಾನು ನೋಡಿದ ಹೆಚ್ಚಿನ ಕೋಣೆಗಳಲ್ಲಿ ತಪ್ಪು ಹಲಗೆಯದಲ್ಲ, ಅದರ ಹಿಂದೆ ಸಿಕ್ಕಿಬಿದ್ದ ತೇವದ್ದು. ಅದೇ ಕೋಣೆಯ ಮೂಲೆಯಲ್ಲಿ ತೊಗರಿ ಬೀಜದ ಚೀಲ ಇದ್ದರೆ ಮೊಳಕೆ ಶಕ್ತಿಯೂ ಕುಗ್ಗುತ್ತದೆ. ಹಲಗೆ ಹೋದರೆ ದುಡ್ಡು ಹೋಯ್ತು, ಬೀಜ ಹೋದರೆ ಹಂಗಾಮೇ ಹೋಯ್ತು.

ತೇವ ಎಲ್ಲಿಂದ?

ಯಾದಗಿರಿ ಬಿಸಿಲಿನ ಊರು, ಇಲ್ಲಿ ಬೂಷ್ಟು ಎಲ್ಲಿಂದ ಅನ್ನಬೇಡಿ. ಎರೆ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ. ಶಹಾಪುರ, ಸುರಪುರ ಕಡೆ ನಾರಾಯಣಪುರ ಎಡದಂಡೆ ಕಾಲುವೆ ನೀರಲ್ಲಿ ಭತ್ತ ಬೆಳೆಯೋ ಹೊಲದ ಪಕ್ಕ ಕೋಣೆ ಇದ್ದರೆ, ಮಳೆ ಇಲ್ಲದಾಗಲೂ ನೆಲದಿಂದ ತೇವ ಏರುತ್ತದೆ. ಚಳಿಗಾಲದ ಬೆಳಗಿನ ಜಾವ ತಗಡಿನ ಕೆಳಗೆ ನೀರು ಹನಿಗಟ್ಟುತ್ತದೆ. ಮರದಲ್ಲಿ ತೇವಾಂಶ ಸುಮಾರು ಶೇ. 20 ದಾಟಿ ಹಾಗೇ ಉಳಿದರೆ ಬೂಷ್ಟಿಗೆ ಹಬ್ಬ.

ಪರೀಕ್ಷೆ ಸುಲಭ. 2 ಅಡಿ ಅಗಲ, 2 ಅಡಿ ಉದ್ದದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೂ ಗೋಡೆಗೂ ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಒಳಬದಿ ಹನಿ ಕಂಡರೆ ಅಲ್ಲಿ ಇನ್ನೂ ಹಲಗೆ ಹೊಡೆಯಬೇಡಿ.

ಕಟ್ಟುವಾಗ

• ಏಪ್ರಿಲ್–ಮೇ ತಿಂಗಳಲ್ಲಿ, ಗೋಡೆ ಪೂರ್ತಿ ಒಣಗಿದ ಮೇಲೆ ಕೆಲಸ ಹಿಡಿಯಿರಿ.

• ಐಎಸ್ 710 ಮರೈನ್ ಪ್ಲೈ ತಂದರೂ ನಿಶ್ಚಿಂತೆ ಬೇಡ. ಆ ದರ್ಜೆ ಹೇಳುವುದು ಮುಖ್ಯವಾಗಿ ಅಂಟು ನೀರಿಗೆ ಬಿಡುವುದಿಲ್ಲ ಅಂತ. ಮೇಲ್ಮೈ ಒದ್ದೆಯಾಗಿ ಉಳಿದರೆ ಅದಕ್ಕೂ ಬೂಷ್ಟು ಬರುತ್ತದೆ.

• ಗೋಡೆಗೆ ನೇರ ಹೊಡೆಯಬೇಡಿ. 1 ಇಂಚಿನ ರೀಪು ಕೊಟ್ಟು, ಮೇಲೆ ಕೆಳಗೆ ಗಾಳಿಗೆ ಸಂದು ಬಿಡಿ. ನೆಲದಿಂದ 3–4 ಇಂಚು ಎತ್ತರದಲ್ಲಿರಲಿ. ಕೆಳಗೆ ಶಹಾಬಾದ್ ಕಲ್ಲಿನ ಪಟ್ಟಿ ಕೂಡಿಸಬಹುದು.

• ಪ್ಲೈ ನೀರು ಹೀರೋದು ಹೆಚ್ಚಾಗಿ ಅಂಚಿನಿಂದ. ಕೊಯ್ದ ಅಂಚು, ಮೊಳೆ ತೂತು, ಹಿಂಬದಿ ಎಲ್ಲಕ್ಕೂ ಪ್ರೈಮರ್, ಮೇಲೆ 2 ಸಲ ಬಣ್ಣ ಹಚ್ಚಿ.

• ಬಣ್ಣಕ್ಕೆ ಮೊದಲು ಬೋರಾನ್ ಲೇಪ ಕೊಡಬಹುದು: 10 ಲೀಟರ್ ಬಿಸಿನೀರಿಗೆ 200 ಗ್ರಾಂ ಬೋರಿಕ್ ಆಸಿಡ್, 300 ಗ್ರಾಂ ಬೋರಾಕ್ಸ್. ಕೈಗವಸು ಹಾಕಿಕೊಳ್ಳಿ, ಮಕ್ಕಳು, ಮೇವು, ಬೀಜದಿಂದ ದೂರ ಇಡಿ. ಇದು ನೀರಿಗೆ ತೊಳೆದುಹೋಗುತ್ತದೆ, ಆದ್ದರಿಂದ ಚೆನ್ನಾಗಿ ಒಣಗಿದ ಮೇಲೆ ಬಣ್ಣ ಬೇಕೇ ಬೇಕು.

ಈಗಾಗಲೇ ಬಂದಿದ್ದರೆ

ಒಣ ಬ್ರಷ್‌ನಿಂದ ಉಜ್ಜಬೇಡಿ, ಪುಡಿ ಹಾರಿ ಎದೆಗೆ ಹೋಗುತ್ತದೆ. ಮಾಸ್ಕ್ ಕಟ್ಟಿಕೊಂಡು ಸಾಬೂನು ನೀರಿನ ಅರಿವೆಯಿಂದ ಒರೆಸಿ, ಬಾಗಿಲು ತೆರೆದು ಒಣಗಿಸಿ. ಪದರ ಬಿಟ್ಟ, ಮೆತ್ತಗಾದ ಹಲಗೆ ತೆಗೆಯೋದೇ ಸರಿ. ಬೆಳೆಗೆ ಹೊಡೆಯೋ ಶಿಲೀಂಧ್ರನಾಶಕವನ್ನು ಕೋಣೆಯೊಳಗೆ ಸಿಂಪಡಿಸಲೇಬೇಡಿ. ಅದು ಹೊಲಕ್ಕೆ ಮಾಡಿದ ಔಷಧಿ; ಮುಚ್ಚಿದ ಜಾಗದಲ್ಲಿ ಉಸಿರಿಗೆ ಅಪಾಯ.

ಎದುರುಬದುರು ಗೋಡೆಗೆ ಒಂದೊಂದು ಕಿಂಡಿ ಇರಲಿ. ಒದ್ದೆ ಗೋಣಿಚೀಲ, ತೊಳೆದ ಸ್ಪ್ರೇಯರ್ ಒಣಗಿದ ಮೇಲೇ ಒಳಗೆ ಬರಲಿ. ಗಾಳಿಯ ತೇವ ಹೀರೋ ಯೂರಿಯಾ ಬೇರೆ ಕಡೆ ಇಡಿ. ಮಳೆಗಾಲದಲ್ಲಿ ಹೊರಪು ಕೊಟ್ಟ ದಿನ ಬಾಗಿಲು ತೆರೆದಿಡಿ, ವಾರಕ್ಕೊಮ್ಮೆ ಹಲಗೆಯ ಕೆಳ ಅಂಚಿಗೆ ಕೈಯಾಡಿಸಿ ನೋಡಿ. ತಣ್ಣಗೆ, ಜಿಗುಟಾಗಿ ಅನಿಸಿದರೆ ಚುಕ್ಕಿ ಏಳೋದಕ್ಕೆ ಮೊದಲೇ ಕಾರಣ ಹುಡುಕಬಹುದು.